ಆರ್ಡರ್ ಮೇಲ್‌ಗಳ ಅಸಲು ಎಲ್ಲಿರಬೇಕು: ಪಾಪ್3 ಬಿಟ್ಟು ಐಮ್ಯಾಪ್ ಹಿಡಿದ ಕೆಲಸದ ದಾಖಲೆ

ಜಾಗ ಮತ್ತು ತೊಂದರೆ

ಗದಗಿನ ಒಂದು ಆಫ್‌ಸೆಟ್ ಮುದ್ರಣಾಲಯ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ ಅಚ್ಚಾಗುವ ಜಾಗ. ಕಂಪ್ಯೂಟರ್ 6: ಮುಂದಿನ ಕೌಂಟರ್‌ನಲ್ಲಿ 2, ಡಿಟಿಪಿ ಕೋಣೆಯಲ್ಲಿ 2, ಮಷಿನ್ ರೂಮಿನಲ್ಲಿ 1, ಲೆಕ್ಕದ ಮೇಜಿನಲ್ಲಿ 1. ಫೋನ್ 4. ಸ್ವಂತ ಡೊಮೇನ್‌ನಲ್ಲಿ 5 ಮೇಲ್‌ಬಾಕ್ಸ್: ಎಲ್ಲರೂ ತೆರೆಯುವ ‘ಆರ್ಡರ್’, ‘ಲೆಕ್ಕ’, ಮಾಲೀಕರದ್ದೊಂದು, ಡಿಟಿಪಿಯವರದ್ದೆರಡು. ಸರ್ವರ್ ಹಂಚಿಕೆಯ ಹೋಸ್ಟಿಂಗ್‌ನದು, ಒಳಗೆ ಓಡುವುದು ಡವ್‌ಕಾಟ್ ಎಂಬ ಮೇಲ್ ಸರ್ವರ್ ತಂತ್ರಾಂಶ. ಬಾಕ್ಸಿಗೆ 10 ಜಿಬಿ ಜಾಗ, ‘ಲೆಕ್ಕ’ಕ್ಕೆ ಮಾತ್ರ 1 ಜಿಬಿ.

ತೊಂದರೆ ಇದ್ದದ್ದು ‘ಆರ್ಡರ್’ ಬಾಕ್ಸಿನದು. ಲೆಕ್ಕದ್ದು ಬಿಟ್ಟು ಐದು ಕಂಪ್ಯೂಟರ್‌ಗಳೂ ಅದನ್ನು ಪಾಪ್3 ಮೂಲಕ, ಅಂದರೆ ಮೇಲನ್ನು ಸರ್ವರ್‌ನಿಂದ ಯಂತ್ರಕ್ಕೆ ಇಳಿಸಿಕೊಳ್ಳುವ ವಿಧಾನದಲ್ಲಿ, ಎಳೆಯುತ್ತಿದ್ದವು. ಕೌಂಟರ್‌ನವರು ಉತ್ತರ ಕೊಟ್ಟಾಗಿದೆಯೋ ಇಲ್ಲವೋ ಡಿಟಿಪಿ ಕೋಣೆಗೆ ಗೊತ್ತಾಗುತ್ತಿರಲಿಲ್ಲ. ಒಂದೇ ಪ್ರೂಫಿಗೆ ಎರಡು ಸಲ ತಿದ್ದುಪಡಿ ಹೋಗುತ್ತಿತ್ತು. ಕೆಲವು ಮೇಲ್ ಒಂದು ಯಂತ್ರಕ್ಕೆ ಬಂದು ಉಳಿದ ನಾಲ್ಕಕ್ಕೆ ಬರುತ್ತಲೇ ಇರಲಿಲ್ಲ. ಯಾವ ಪ್ರೋಟೋಕಾಲ್ (ಯಂತ್ರ ಮತ್ತು ಸರ್ವರ್ ಮಾತಾಡುವ ನಿಯಮ) ಒಳ್ಳೆಯದು ಎಂದು ಕೇಳುವ ಮೊದಲು ಇಲ್ಲಿ ಕೇಳಬೇಕಾಗಿದ್ದದ್ದು ಬೇರೆ: ಮೇಲ್‌ನ ಅಸಲು ಪ್ರತಿ ಎಲ್ಲಿರಬೇಕು, ನಕಲು ಎಲ್ಲಿರಬೇಕು? ಪಾಪ್3ರಲ್ಲಿ ಅಸಲು ಎಳೆದುಕೊಂಡವರ ಮನೆ ಸೇರುತ್ತದೆ. ಐಮ್ಯಾಪ್‌ನಲ್ಲಿ ಸರ್ವರ್‌ನಲ್ಲೇ ಉಳಿದು, ಯಂತ್ರಗಳಲ್ಲಿ ಇರುವುದೆಲ್ಲ ನಕಲು. ಮುಂದಿನ ಒಂದೊಂದು ಹೆಜ್ಜೆಯೂ, ಒಂದೊಂದು ತಪ್ಪೂ ಇದಕ್ಕೇ ಗಂಟು ಬಿದ್ದಿದೆ.

1ನೇ ದಿನ, ಗುರುವಾರ: ಎಣಿಕೆ

ಏನನ್ನೂ ಮುಟ್ಟದೆ ಮೊದಲು ಪ್ರತಿ ಯಂತ್ರದ ಸೆಟ್ಟಿಂಗ್ ಬರೆದುಕೊಂಡೆವು. ಯಾವ ತಂತ್ರಾಂಶ, ಯಾವ ಪೋರ್ಟ್ (ಸರ್ವರ್‌ನ ಯಾವ ಸಂಖ್ಯೆಯ ಬಾಗಿಲು), ಸರ್ವರ್‌ನಲ್ಲಿ ಪ್ರತಿ ಬಿಡುತ್ತದೆಯೇ, ಬಿಟ್ಟರೆ ಎಷ್ಟು ದಿನ, ಎಷ್ಟು ನಿಮಿಷಕ್ಕೊಮ್ಮೆ ಕೇಳುತ್ತದೆ, ಡಿಸ್ಕಿನಲ್ಲಿ ಎಷ್ಟು ಜಾಗ ತಿಂದಿದೆ.

ಕೌಂಟರ್ 1, ಥಂಡರ್‌ಬರ್ಡ್, 14.2 ಜಿಬಿ, 14 ದಿನ ಬಿಡುತ್ತದೆ. ಕೌಂಟರ್ 2, ಥಂಡರ್‌ಬರ್ಡ್, 6.3 ಜಿಬಿ, 14 ದಿನ. ಡಿಟಿಪಿ 1, ಔಟ್‌ಲುಕ್ 2016, 11.4 ಜಿಬಿ, 30 ದಿನ. ಡಿಟಿಪಿ 2, ಅದೇ ಔಟ್‌ಲುಕ್, 7.9 ಜಿಬಿ, ಬಿಡುವುದೇ ಇಲ್ಲ. ಮಷಿನ್ ರೂಮ್, ವಿಂಡೋಸ್ 7ರ ಮೇಲೆ ಔಟ್‌ಲುಕ್ 2010, 0.4 ಜಿಬಿ, 10 ದಿನ. ಲೆಕ್ಕದ ಯಂತ್ರ, 2.1 ಜಿಬಿ, 30 ದಿನ. ಒಟ್ಟು 42.3 ಜಿಬಿ.

ಕಳೆದುಹೋಗುವ ಮೇಲ್‌ಗಳ ಗುಟ್ಟು ಡಿಟಿಪಿ 2ರಲ್ಲಿತ್ತು. ಉಳಿದವರು 10, 14, 30 ದಿನ ಎಂದು ಏನೇ ಹಾಕಿಕೊಂಡಿರಲಿ, ಬಿಡದೇ ಎಳೆಯುವ ಒಂದು ಯಂತ್ರ ಇದ್ದರೆ ಅದರ ಮಾತೇ ನಡೆಯುತ್ತದೆ. ಅದು ಎಳೆದ ಮೇಲೆ ಬಾಕ್ಸ್ ಖಾಲಿ. ಉಳಿದವರಿಗೆ ಸಿಗುವುದು ಅದಕ್ಕಿಂತ ಮೊದಲು ಕೇಳಿದ್ದರೆ ಮಾತ್ರ.

ಇನ್ನೆರಡು ಕಾಯಿಲೆ ಅವತ್ತೇ ಸಿಕ್ಕವು. ಪಾಪ್3 ನಿಯಮದಂತೆ ಒಂದು ಬಾಕ್ಸಿಗೆ ಒಬ್ಬರು ಒಳಗೆ ಬಂದರೆ ಬೀಗ ಬೀಳುತ್ತದೆ, ಅವರು ಹೋಗುವವರೆಗೆ ಇನ್ನೊಬ್ಬರಿಗೆ ಬಾಗಿಲು ಇಲ್ಲ. ಈ ಸರ್ವರ್‌ನಲ್ಲಿ ಆ ಬೀಗ ಜಾರಿಯಲ್ಲಿತ್ತು. ಐದು ಯಂತ್ರ ನಿಮಿಷಕ್ಕೊಮ್ಮೆ ಕೇಳುತ್ತಿದ್ದವು. ಯಾರೋ 18 ಎಂಬಿಯ ಪಿಡಿಎಫ್ ಎಳೆಯುತ್ತಿರುವಾಗ ಬೇರೆಯವರಿಗೆ ‘ಬಾಕ್ಸ್ ಬಳಕೆಯಲ್ಲಿದೆ’ ಎಂಬ ಉತ್ತರ ಬಂದರೆ, ಔಟ್‌ಲುಕ್ ಅದನ್ನು ಪಾಸ್‌ವರ್ಡ್ ತಪ್ಪು ಎಂದುಕೊಂಡು ಪಾಸ್‌ವರ್ಡ್ ಕೇಳುತ್ತದೆ. ಕೂತವರು ಅವಸರದಲ್ಲಿ ಏನೋ ಒಂದು ಹೊಡೆಯುತ್ತಾರೆ, ಅಲ್ಲಿಂದ ನಿಜವಾದ ತಪ್ಪು ಪಾಸ್‌ವರ್ಡ್ ಶುರು.

ಎರಡನೆಯದು ಪುನರಾವರ್ತನೆ. ಪಾಪ್3ರಲ್ಲಿ ಅಳಿಸು ಎಂದು ಹೇಳಿದ್ದು ಜಾರಿಯಾಗುವುದು ಕೊನೆಯಲ್ಲಿ ಕ್ವಿಟ್ ಎಂದು ಹೇಳಿ ಹೊರಬಂದಾಗ. ಮಧ್ಯದಲ್ಲಿ ಕರೆಂಟ್ ಹೋದರೆ, ಲೈನ್ ತಪ್ಪಿದರೆ, ಸರ್ವರ್ ಏನನ್ನೂ ಅಳಿಸುವುದಿಲ್ಲ. ಎಲ್ಲಿಯವರೆಗೆ ಎಳೆದೆ ಎಂಬ ಪಟ್ಟಿಯನ್ನು ಆಗಿಂದಾಗ್ಗೆ ಬರೆದಿಟ್ಟುಕೊಳ್ಳದ ತಂತ್ರಾಂಶ ಮತ್ತೆ ಮೊದಲಿಂದ ಎಳೆಯುತ್ತದೆ. ಮಷಿನ್ ರೂಮಿನಲ್ಲಿ ಒಂದೇ ಲಗ್ನಪತ್ರಿಕೆಯ ಮೇಲ್ 7 ಸಲ ಕೂತಿತ್ತು.

2ನೇ ದಿನ, ಶುಕ್ರವಾರ: ಪ್ರತಿ ತೆಗೆಯುವುದು, ಸರ್ವರ್ ಪರೀಕ್ಷೆ, ತೀರ್ಮಾನ

ಸಂಜೆ 7ಕ್ಕೆ ಎಲ್ಲ ತಂತ್ರಾಂಶ ಮುಚ್ಚಿ, ಔಟ್‌ಲುಕ್ ಮೇಲ್ ಇಡುವ ಪಿಎಸ್‌ಟಿ ಕಡತಗಳನ್ನೂ ಥಂಡರ್‌ಬರ್ಡ್ ಪ್ರೊಫೈಲ್ ಫೋಲ್ಡರ್‌ಗಳನ್ನೂ 1 ಟಿಬಿ ಹೊರ ಡಿಸ್ಕಿಗೆ ನಕಲು ಮಾಡಿದೆವು. ಔಟ್‌ಲುಕ್ ತೆರೆದಿರುವಾಗ ಪಿಎಸ್‌ಟಿ ನಕಲಾಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ನಿಜವಾಗಿ ಹೋಗಿದೆಯೇ ನೋಡಬೇಕು. 2 ಗಂಟೆ 20 ನಿಮಿಷ ಹಿಡಿಯಿತು.

ಆಮೇಲೆ ಕೌಂಟರ್ 1ರ ಥಂಡರ್‌ಬರ್ಡ್‌ನಲ್ಲಿ ಕಾಂಪ್ಯಾಕ್ಟ್ ಮಾಡಿದಾಗ 14.2 ಇದ್ದದ್ದು 9.6 ಜಿಬಿಗೆ ಇಳಿಯಿತು. ಅಳಿಸಿದ ಮೇಲ್‌ಗಳು, ಒಂದು ಫೋಲ್ಡರ್‌ನ ಮೇಲನ್ನೆಲ್ಲ ಒಟ್ಟಿಗೆ ಇಡುವ ಎಂಬಾಕ್ಸ್ ಕಡತದೊಳಗೆ ಹಾಗೇ ಬಿದ್ದಿರುತ್ತವೆ. ಕಾಂಪ್ಯಾಕ್ಟ್ ಮಾಡುವವರೆಗೆ ಜಾಗ ಬಿಡುವುದಿಲ್ಲ. ನಕಲು ತೆಗೆಯುವ ಮೊದಲು ಇದನ್ನು ಮಾಡಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಕಡತ ಕೆಡುತ್ತದೆ.

ಸರ್ವರ್ ಏನು ಕೊಡುತ್ತದೆ ಎಂದು ಹೋಸ್ಟಿಂಗ್‌ನವರ ಪುಟ ಓದುವುದಕ್ಕಿಂತ ಸರ್ವರ್‌ನನ್ನೇ ಕೇಳುವುದು ಮೇಲು. ಆಜ್ಞೆ ಹೊಡೆದು ಸರ್ವರ್ ಜೊತೆ ನೇರ ಮಾತಾಡಲು ಬರುವ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್‌ನಿಂದ ಐಮ್ಯಾಪ್‌ನ 993ನೇ ಪೋರ್ಟಿಗೆ ಹೋಗಿ ‘ಕೇಪಬಿಲಿಟಿ’ (ನಿನಗೆ ಏನೇನು ಬರುತ್ತದೆ) ಎಂದು ಕೇಳಿದೆವು. ಐಡಲ್ (ಹೊಸ ಮೇಲ್ ಬಂದಾಗ ಕೂಗುವುದು) ಇದೆ, ಸ್ಪೆಷಲ್-ಯೂಸ್ (ಯಾವ ಫೋಲ್ಡರ್ ಯಾವುದಕ್ಕೆ ಎಂಬ ಗುರುತು) ಇದೆ, ಕೋಟಾ (ಜಾಗದ ಲೆಕ್ಕ) ಇದೆ, ನೇಮ್‌ಸ್ಪೇಸ್ (ಫೋಲ್ಡರ್ ಹೆಸರುಗಳ ಏರ್ಪಾಡು) ಇದೆ. 995ರಲ್ಲಿ ಪಾಪ್3 ಕೂಡ ತೆರೆದಿದೆ. 143 ಮತ್ತು 110 ಗುಪ್ತಲಿಪಿ ಇಲ್ಲದೆ ಶುರುವಾಗುವ ಪೋರ್ಟ್‌ಗಳು, ಅವನ್ನು ಮುಟ್ಟಲಿಲ್ಲ. ಐಮ್ಯಾಪ್‌ನ ಕೆಲಸವನ್ನೇ ಮಾಡುವ ಹೊಸ ಪ್ರೋಟೋಕಾಲ್, 2019ರಲ್ಲಿ ಮಾನಕವಾದ ಜೆಮ್ಯಾಪ್, ಈ ಸರ್ವರ್‌ನಲ್ಲಿ ಇಲ್ಲ, ಆ ಮಾತು ಅಲ್ಲಿಗೆ ಮುಗಿಯಿತು.

ಈ ಪರೀಕ್ಷೆಯಲ್ಲೊಂದು ಬಲೆ ಇದೆ. ಎಸ್-ಕ್ಲೈಂಟ್‌ನಲ್ಲಿ ಸಾಲಿನ ಮೊದಲ ಅಕ್ಷರ ದೊಡ್ಡ ‘ಆರ್’ ಆದರೆ ಅದು ಸಂಪರ್ಕವನ್ನು ಮತ್ತೆ ಮಾತುಕತೆಗೆ ಎಳೆಯುತ್ತದೆ, ದೊಡ್ಡ ‘ಕ್ಯೂ’ ಆದರೆ ಸಂಪರ್ಕ ಕಡಿದುಬಿಡುತ್ತದೆ. ಪಾಪ್3ರಲ್ಲಿ ಮೇಲ್ ತರಿಸುವ ‘ರೆಟ್ರ್’ ಶುರುವಾಗುವುದು ಆರ್‌ನಿಂದ, ‘ಕ್ವಿಟ್’ ಶುರುವಾಗುವುದು ಕ್ಯೂನಿಂದ. ಆಜ್ಞೆಗಳನ್ನು ಸಣ್ಣ ಅಕ್ಷರದಲ್ಲೇ ಹೊಡೆಯಿರಿ, ಪಾಪ್3ಗೆ ದೊಡ್ಡ-ಸಣ್ಣ ಭೇದವಿಲ್ಲ. ಸಾಲಿನ ಕೊನೆ ಸರಿ ಹೋಗಲು ‘ಸಿಆರ್‌ಎಲ್‌ಎಫ್’ ಆಯ್ಕೆಯೂ ಬೇಕು. ಅದಿಲ್ಲದೆ ಕೆಲವು ಸರ್ವರ್ ಮಾತೇ ಆಡುವುದಿಲ್ಲ, ಲೈನ್ ಕೆಟ್ಟಿದೆ ಎಂದುಕೊಂಡು ಅರ್ಧ ಗಂಟೆ ಹೋಗುತ್ತದೆ.

ತೀರ್ಮಾನ ಬಾಕ್ಸಿಗೊಂದು ಬೇರೆ. ‘ಆರ್ಡರ್’ ಐಮ್ಯಾಪ್‌ಗೆ: ಐದು ಯಂತ್ರ, ನಾಲ್ಕು ಫೋನ್, ಕಳಿಸಿದ ಉತ್ತರವೂ ಎಲ್ಲರಿಗೂ ಕಾಣಬೇಕು. ಪಾಪ್3ಗೆ ಕಳಿಸಿದ ಮೇಲ್ ಎಂಬುದೇ ಗೊತ್ತಿಲ್ಲ, ಇನ್‌ಬಾಕ್ಸ್ ಒಂದೇ ಅದರ ಲೋಕ. ಓದಿದ್ದು, ಓದದ್ದು, ಸ್ಟಾರ್ ಹಾಕಿದ್ದು ಯಾವುದನ್ನೂ ಅದು ಹೊರುವುದಿಲ್ಲ. ಮಾಲೀಕರದ್ದೂ ಡಿಟಿಪಿಯವರದ್ದೂ ಐಮ್ಯಾಪ್‌ಗೆ. ‘ಲೆಕ್ಕ’ ಮಾತ್ರ ಪಾಪ್3ರಲ್ಲೇ: ಒಬ್ಬರೇ, ಒಂದೇ ಯಂತ್ರ, ಸರ್ವರ್‌ನಲ್ಲಿ 1 ಜಿಬಿ ಜಾಗ, ಯಂತ್ರದಲ್ಲಿ ಆಗಲೇ 2.1 ಜಿಬಿ. ಇಂಥ ಕಡೆ ಪಾಪ್3 ಹಳೆಯದು ಎಂದು ಬದಲಿಸುವುದರಲ್ಲಿ ಅರ್ಥವಿಲ್ಲ. ಅದರ ಇಂದಿನ ಮಾನಕ 1996ರದು. ಒಬ್ಬರು ಒಂದು ಯಂತ್ರಕ್ಕೆ ಎಳೆದುಕೊಳ್ಳುವ ಕೆಲಸವನ್ನು ಇವತ್ತಿಗೂ ಚೆನ್ನಾಗಿ ಮಾಡುತ್ತದೆ.

3ನೇ ದಿನ, ಶನಿವಾರ ಸಂಜೆ: ಯಂತ್ರಗಳ ಬದಲಾವಣೆ

ಪಾಪ್3 ಖಾತೆಯನ್ನು ಐಮ್ಯಾಪ್ ಆಗಿ ತಿರುಗಿಸುವ ಗುಂಡಿ ಥಂಡರ್‌ಬರ್ಡ್‌ನಲ್ಲೂ ಇಲ್ಲ, ಔಟ್‌ಲುಕ್‌ನಲ್ಲೂ ಇಲ್ಲ. ಹೊಸ ಖಾತೆ ಸೇರಿಸಬೇಕು, ಹಳೆಯದನ್ನು ಆಮೇಲೆ ತೆಗೆಯಬೇಕು. ಹಳೆಯದರಲ್ಲಿ ಮೊದಲು ‘ತೆರೆದಾಗ ಮೇಲ್ ಕೇಳು’, ‘ಇಷ್ಟು ನಿಮಿಷಕ್ಕೊಮ್ಮೆ ಕೇಳು’ ಎರಡನ್ನೂ ನಿಲ್ಲಿಸಿದೆವು. ಥಂಡರ್‌ಬರ್ಡ್‌ನಲ್ಲಿ ಖಾತೆ ತೆಗೆಯುವಾಗ ‘ಮೇಲ್‌ಗಳನ್ನೂ ತೆಗೆ’ ಎಂಬ ಚೌಕ ಬರುತ್ತದೆ. ಅದಕ್ಕೆ ಟಿಕ್ ಹಾಕಿದರೆ ವರ್ಷಗಳ ಮೇಲ್ ಹೋಯಿತು.

ಐದೂ ಯಂತ್ರಕ್ಕೆ ಒಂದೇ ತಂತ್ರಾಂಶ ಇರಲಿ ಎಂದು ಡಿಟಿಪಿ ಕೋಣೆಯಲ್ಲೂ ಥಂಡರ್‌ಬರ್ಡ್ ಹಾಕಿದೆವು. ಮಷಿನ್ ರೂಮಿನ ವಿಂಡೋಸ್ 7 ಯಂತ್ರ ಮಾತ್ರ ಕಾಡಿತು. ಔಟ್‌ಲುಕ್ 2010 ವಿಂಡೋಸ್‌ನದೇ ಗುಪ್ತಲಿಪಿ ಬಳಸುತ್ತದೆ, ವಿಂಡೋಸ್ 7ರಲ್ಲಿ ಆ ಗುಪ್ತಲಿಪಿಯ ಟಿಎಲ್‌ಎಸ್ 1.2 ಆವೃತ್ತಿ ತಾನಾಗಿ ಚಾಲೂ ಇರುವುದಿಲ್ಲ. ಸರ್ವರ್ 1.2ಕ್ಕಿಂತ ಕೆಳಗೆ ಒಪ್ಪುವುದಿಲ್ಲ. ಇಷ್ಟು ದಿನ ಅದು 110ರಲ್ಲಿ ಗುಪ್ತಲಿಪಿ ಇಲ್ಲದೆ, ಪಾಸ್‌ವರ್ಡನ್ನು ಬಿಚ್ಚಿಟ್ಟು ಎಳೆಯುತ್ತಿತ್ತು. ರಿಜಿಸ್ಟ್ರಿ ತಿದ್ದಿ 1.2 ಚಾಲೂ ಮಾಡಲು 40 ನಿಮಿಷ ಗುದ್ದಾಡಿ ಬಿಟ್ಟೆವು. ಥಂಡರ್‌ಬರ್ಡ್ ತನ್ನದೇ ಗುಪ್ತಲಿಪಿ ಹೊತ್ತು ತರುತ್ತದೆ; ವಿಂಡೋಸ್ 7ರಲ್ಲಿ ಓಡುವ ಅದರ ಕೊನೆಯ ಆವೃತ್ತಿ 115. ಅದನ್ನು ಹಾಕಿದ ಮೇಲೆ ಮೊದಲ ಸಲಕ್ಕೇ ಒಳಗೆ ಹೋಯಿತು. ಯಂತ್ರ ಹಳೆಯದು, ಇದು ತಾತ್ಕಾಲಿಕ.

ಡಿಟಿಪಿ 2ರಲ್ಲಿ 120 ಜಿಬಿ ಎಸ್‌ಎಸ್‌ಡಿ, ಮುಕ್ಕಾಲು ತುಂಬಿದೆ. ಅಲ್ಲಿ ‘ಕೊನೆಯ 90 ದಿನದ್ದನ್ನು ಮಾತ್ರ ಯಂತ್ರದಲ್ಲಿ ಇಡು’ ಎಂದು ಹಾಕಿದೆವು. ಹಳೆಯದು ಬೇಕೆಂದಾಗ ಸರ್ವರ್‌ನಿಂದ ಬರುತ್ತದೆ, ಲೈನ್ ಇಲ್ಲದಾಗ ಬರುವುದಿಲ್ಲ. ಇದನ್ನು ಕೂತು ಕೆಲಸ ಮಾಡುವವರಿಗೆ ಮುಂಚೆಯೇ ಹೇಳಿ.

4ನೇ ದಿನ, ಭಾನುವಾರ: ಹಳೆಯ ಮೇಲ್ ಏರಿಸುವುದು, ಮೊದಲ ಸೋಲು

ಎಲ್ಲ ಹಳೆಯ ಮೇಲ್ ಏರಿಸಿದರೆ 10 ಜಿಬಿ ಸಾಲದು. ನಾಲ್ಕು ಯಂತ್ರಗಳಲ್ಲಿ ಇರುವ ಒಂದೇ ಮೇಲನ್ನು ಮೆಸೇಜ್-ಐಡಿ (ಪ್ರತಿ ಮೇಲಿಗೂ ಇರುವ ಗುರುತು) ಹೋಲಿಸಿ ಒಂದಕ್ಕೆ ಇಳಿಸಿದ ಮೇಲೂ ಉಳಿದದ್ದು 12.8 ಜಿಬಿ. ಹಾಗಾಗಿ ಕಳೆದ ಎರಡು ಹಣಕಾಸು ವರ್ಷದ್ದು ಮಾತ್ರ ಸರ್ವರ್‌ಗೆ, ಅದಕ್ಕೂ ಹಿಂದಿನದು ದಾಸ್ತಾನು ಯಂತ್ರಕ್ಕೆ (ಮೇಲಿನ ಪ್ರತಿ ಕೂಡಿಡಲು 9ನೇ ದಿನ ಹಾಕಬೇಕೆಂದಿದ್ದ ಕಂಪ್ಯೂಟರ್) ಎಂದು ಗೆರೆ ಎಳೆದೆವು. ಸರ್ವರ್‌ಗೆ ಹೋಗಬೇಕಾದ್ದು 5.1 ಜಿಬಿ, ಸುಮಾರು 22,000 ಮೇಲ್. ಜಾಗದ ಲೆಕ್ಕ ಹಾಕುವಾಗ ಒಂದು ಮಾತು ನೆನಪಿರಲಿ: ಅಡಕ ಕಡತ ಮೇಲಿನೊಳಗೆ ಬೇಸ್64 ಎಂಬ ಅಕ್ಷರರೂಪದಲ್ಲಿ ಕೂರುತ್ತದೆ, ಮೂರನೇ ಒಂದು ಪಾಲು ಉಬ್ಬುತ್ತದೆ. 18 ಎಂಬಿಯ ಪಿಡಿಎಫ್ ಮೇಲ್‌ಬಾಕ್ಸಿನಲ್ಲಿ ತಿನ್ನುವುದು 24 ಎಂಬಿಗಿಂತ ಹೆಚ್ಚು.

ಪಿಎಸ್‌ಟಿಯಿಂದ ನೇರವಾಗಿ ಐಮ್ಯಾಪ್‌ಗೆ ಹಾಕುವ ಒಂದು ಉಚಿತ ಉಪಕರಣ ಹಿಡಿದು ಶುರು ಮಾಡಿದೆವು. 600 ಮೇಲ್ ಏರಿದ ಮೇಲೆ ಫೋನ್ ತೆರೆದು ನೋಡಿದರೆ ಅಷ್ಟೂ ಮೇಲ್ ಭಾನುವಾರದ ತಾರೀಖಿನಲ್ಲಿ ತಲೆಯ ಮೇಲೆ ಕೂತಿದ್ದವು. ಕಂಪ್ಯೂಟರ್‌ನಲ್ಲಿ ಸರಿ, ಫೋನಿನಲ್ಲಿ ತಪ್ಪು. ಕಾರಣ ಇಷ್ಟು: ಐಮ್ಯಾಪ್‌ನಲ್ಲಿ ಮೇಲ್ ಏರಿಸುವ ‘ಅಪೆಂಡ್’ ಆಜ್ಞೆಗೆ ಜೊತೆಯಲ್ಲಿ ತಾರೀಖು ಕೊಡಬಹುದು. ಕೊಡದಿದ್ದರೆ ಸರ್ವರ್ ಏರಿಸಿದ ಹೊತ್ತನ್ನೇ ಬಂದ ತಾರೀಖು ಎಂದು ಬರೆದುಕೊಳ್ಳುತ್ತದೆ. ಥಂಡರ್‌ಬರ್ಡ್ ಸಾಲು ಕಟ್ಟುವುದು ಮೇಲ್‌ನ ತಲೆಬರಹದ ತಾರೀಖಿನಿಂದ. ಆ ಫೋನ್ ಆ್ಯಪ್ ಸಾಲು ಕಟ್ಟುವುದು ಸರ್ವರ್ ಬರೆದ ತಾರೀಖಿನಿಂದ. 600ನ್ನೂ ಅಳಿಸಿದೆವು. 10 ಮೇಲ್ ಏರಿಸಿ ಫೋನಿನಲ್ಲಿ ನೋಡಿದ ಮೇಲೆ ಮುಂದೆ ಹೋಗಬೇಕಿತ್ತು. ಎರಡು ಗಂಟೆ ದಂಡ.

ಎರಡನೇ ದಾರಿ ನಡೆಯಿತು. ಲಿನಕ್ಸ್ ಯಂತ್ರದಲ್ಲಿ ಲಿಬ್‌ಪಿಎಸ್‌ಟಿಯ ‘ರೀಡ್‌ಪಿಎಸ್‌ಟಿ’ ಓಡಿಸಿ ಪಿಎಸ್‌ಟಿಗಳನ್ನು ಎಂಬಾಕ್ಸ್ ಮಾಡಿದೆವು. ಅವನ್ನು ಥಂಡರ್‌ಬರ್ಡ್‌ನ ಲೋಕಲ್ ಫೋಲ್ಡರ್ಸ್‌ಗೆ ಹಾಕಿ, ಅಲ್ಲಿಂದ ಐಮ್ಯಾಪ್ ಫೋಲ್ಡರ್‌ಗೆ 500ರ ಕಂತಿನಲ್ಲಿ ನಕಲು ಮಾಡಿದೆವು. ‘ಸರಿಸು’ ಬೇಡ, ‘ನಕಲು ಮಾಡು’ ಎಂದೇ ಆರಿಸಿ. ಸರಿಸುವಾಗ ಮಧ್ಯ ಲೈನ್ ಹೋದರೆ ಯಾವುದು ಇಲ್ಲಿದೆ, ಯಾವುದು ಅಲ್ಲಿದೆ ಎಂದು ಹುಡುಕುತ್ತಾ ಕೂರಬೇಕಾಗುತ್ತದೆ. ಏರುವ ವೇಗ 8 ಎಂಬಿಪಿಎಸ್ ಇತ್ತು. ಲೆಕ್ಕದಲ್ಲಿ 5.1 ಜಿಬಿಗೆ ಒಂದೂವರೆ ಗಂಟೆ ಸಾಕು, ನಿಜದಲ್ಲಿ ಹಿಡಿದದ್ದು 4 ಗಂಟೆ 10 ನಿಮಿಷ. ಪ್ರತಿ ಮೇಲಿಗೂ ಸರ್ವರ್‌ನ ಹೂಂ ಬಂದ ಮೇಲೇ ಮುಂದಿನದು ಹೊರಡುತ್ತದೆ. ಸಣ್ಣ ಮೇಲ್ ಸಾವಿರಾರು ಇದ್ದರೆ ಕಾಯುವ ಸಮಯವೇ ಹೆಚ್ಚು.

ಹಳೆಯ ಮೇಲನ್ನು ಇನ್‌ಬಾಕ್ಸಿಗೆ ಹಾಕದೆ ‘ಹಳೆಯದು’ ಎಂಬ ಬೇರೆ ಫೋಲ್ಡರ್‌ಗೆ ಹಾಕಿದ್ದು ಅಚ್ಚುಕಟ್ಟಿಗಾಗಿ. ಅದು ಮರುದಿನ ರಾತ್ರಿ 22,000 ಮೇಲ್ ಉಳಿಸಿತು.

5ನೇ ದಿನ, ಸೋಮವಾರ: ಹತ್ತರ ಮಿತಿ

ಬೆಳಿಗ್ಗೆ 10ಕ್ಕೆ ಎಲ್ಲರೂ ಕೂತರು. 10:20ಕ್ಕೆ ಮಷಿನ್ ರೂಮಿನಲ್ಲಿ ಮೇಲ್ ನಿಂತಿತು, 10:25ಕ್ಕೆ ಕೌಂಟರ್ 2ರಲ್ಲಿ. ಸಂದೇಶದ ಸಾರ: ಈ ಬಳಕೆದಾರ, ಈ ಐಪಿ ವಿಳಾಸದಿಂದ ಬಂದ ಸಂಪರ್ಕಗಳು ಮಿತಿ ದಾಟಿವೆ.

ಡವ್‌ಕಾಟ್‌ನಲ್ಲಿ ಒಬ್ಬ ಬಳಕೆದಾರರಿಗೆ ಒಂದು ಐಪಿಯಿಂದ ಐಮ್ಯಾಪ್ ಸಂಪರ್ಕ ಮೊದಲಿಂದ ಇರುವ ಮಿತಿಯಲ್ಲಿ 10. ಥಂಡರ್‌ಬರ್ಡ್ ತಾನಾಗಿ ಖಾತೆಗೆ 5 ಸಂಪರ್ಕದವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಐದು ಯಂತ್ರಕ್ಕೆ 25. ಒಂದೇ ರೌಟರ್ ಹಿಂದೆ ಕೂತ ಐದೂ ಯಂತ್ರ ಸರ್ವರ್ ಕಣ್ಣಿಗೆ ಒಂದೇ ಐಪಿ. ಮನೆಯಿಂದ ಪರೀಕ್ಷೆ ಮಾಡಿದರೆ ಈ ತೊಂದರೆ ಕಾಣುವುದೇ ಇಲ್ಲ; ಎಲ್ಲರೂ ಒಂದೇ ಕಡೆ ಕೂತಾಗ ಮಾತ್ರ ಕಾಣುತ್ತದೆ. ಖಾತೆಯ ಸರ್ವರ್ ಸೆಟ್ಟಿಂಗ್, ಅಡ್ವಾನ್ಸ್‌ಡ್ ಒಳಗೆ ಈ ಸಂಖ್ಯೆ ಇದೆ. ಎರಡು ಕೌಂಟರ್‌ಗೆ 2-2, ಉಳಿದ ಮೂರಕ್ಕೆ 1-1 ಎಂದು ಇಳಿಸಿದೆವು: 7. ವೈಫೈ ಹಿಡಿದ ಫೋನ್‌ಗಳಿಗೆ 3 ಉಳಿಯಿತು. ಸಂಖ್ಯೆ ಬದಲಿಸಿ ಥಂಡರ್‌ಬರ್ಡ್ ಮುಚ್ಚಿ ತೆರೆಯಬೇಕು, ಇಲ್ಲದಿದ್ದರೆ ಹಳೆಯ ಸಂಪರ್ಕಗಳು ಹಾಗೇ ನಿಂತಿರುತ್ತವೆ. 1 ಇಟ್ಟ ಯಂತ್ರದಲ್ಲಿ ದೊಡ್ಡ ಕಡತ ಇಳಿಯುತ್ತಿರುವಾಗ ಹೊಸ ಮೇಲಿನ ಸದ್ದು ತಡವಾಗಿ ಬರುತ್ತದೆ. ಮಷಿನ್ ರೂಮಿಗೆ ಅಷ್ಟು ಸಾಕು.

ಮಧ್ಯಾಹ್ನ ಇನ್ನೊಂದು ದೂರು: ಕೌಂಟರ್ 1ಕ್ಕೆ ಮೇಲ್ ಅರ್ಧ ಗಂಟೆ ತಡ. ಐಡಲ್ ಎಂದರೆ ಯಂತ್ರ ಸುಮ್ಮನೆ ಲೈನ್ ಹಿಡಿದು ಕೂರುತ್ತದೆ, ಹೊಸದು ಬಂದಾಗ ಸರ್ವರ್ ಕೂಗುತ್ತದೆ. ಯಂತ್ರ ಹೆಚ್ಚೆಂದರೆ 29 ನಿಮಿಷಕ್ಕೊಮ್ಮೆ ಅದನ್ನು ನವೀಕರಿಸಬೇಕೆಂದು ಮಾನಕ ಹೇಳುತ್ತದೆ. ಆದರೆ ಕೆಲವು ರೌಟರ್‌ಗಳು ಸದ್ದಿಲ್ಲದ ಸಂಪರ್ಕವನ್ನು ಅದಕ್ಕೂ ಮೊದಲೇ ಮರೆತುಬಿಡುತ್ತವೆ, ಎರಡೂ ಕಡೆಗೆ ಹೇಳದೆಯೇ. ಐಡಲ್ ಇರಲಿ, ಜೊತೆಗೆ ‘5 ನಿಮಿಷಕ್ಕೊಮ್ಮೆ ಕೇಳು’ ಎಂದೂ ಹಾಕಿದೆವು. ಆ ಮೇಲೆ ತಡ ಆಗಿಲ್ಲ.

6ನೇ ದಿನ, ಮಂಗಳವಾರ: ಇನ್‌ಬಾಕ್ಸ್ ಖಾಲಿ

ಈ ಕೆಲಸದ ದೊಡ್ಡ ತಪ್ಪು ಇದು. ಬೆಳಿಗ್ಗೆ ‘ಆರ್ಡರ್’ ಇನ್‌ಬಾಕ್ಸಿನಲ್ಲಿ ಇದ್ದದ್ದು 9 ಮೇಲ್. ಹಿಂದಿನ ಸಂಜೆ 412 ಇದ್ದವು. ಐಮ್ಯಾಪ್‌ನಲ್ಲಿ ಅಸಲು ಒಂದೇ ಆದ್ದರಿಂದ ಅದು ಹೋದರೆ ಐದು ಯಂತ್ರ, ನಾಲ್ಕು ಫೋನ್ ಎಲ್ಲದರಿಂದಲೂ ಒಟ್ಟಿಗೆ ಹೋಗುತ್ತದೆ.

ಹೋಸ್ಟಿಂಗ್ ಪ್ಯಾನೆಲ್‌ನ ಲಾಗಿನ್ ದಾಖಲೆಯಲ್ಲಿ ರಾತ್ರಿ 9:40ಕ್ಕೆ ಪಾಪ್3ರಿಂದ ಒಂದು ಪ್ರವೇಶ ಇತ್ತು, ಐಪಿ ಮುದ್ರಣಾಲಯದ್ದಲ್ಲ. ಮನೆಯಲ್ಲಿರುವ ಒಂದು ಲ್ಯಾಪ್‌ಟಾಪ್. ಮೂರು ತಿಂಗಳಿಂದ ತೆರೆದಿರಲಿಲ್ಲ, 1ನೇ ದಿನದ ಎಣಿಕೆಯಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಅದರ ಔಟ್‌ಲುಕ್‌ನಲ್ಲಿ ‘ಸರ್ವರ್‌ನಲ್ಲಿ ಪ್ರತಿ ಬಿಡು’ ಇರಲಿಲ್ಲ. ತೆರೆದ ಕೂಡಲೇ ಇನ್‌ಬಾಕ್ಸ್ ಅಷ್ಟನ್ನೂ ಎಳೆದು ಸರ್ವರ್‌ನಿಂದ ಅಳಿಸಿತು. ಪಾಪ್3ಗೆ ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ಕಾಣುವುದಿಲ್ಲವಾದ್ದರಿಂದ ‘ಹಳೆಯದು’ ಉಳಿಯಿತು.

ಲ್ಯಾಪ್‌ಟಾಪ್ ತರಿಸಿ, ನೆಟ್ ಜೋಡಿಸುವ ಮೊದಲೇ ಪಿಎಸ್‌ಟಿ ನಕಲು ತೆಗೆದು, ಭಾನುವಾರದ ದಾರಿಯಲ್ಲೇ ವಾಪಸ್ ಏರಿಸಿದೆವು. ಮೇಲ್ ಎಲ್ಲ ಬಂದವು, ಗುರುತುಗಳು ಬರಲಿಲ್ಲ. ಕೌಂಟರ್‌ನವರು ಬಾಕಿ ಕೆಲಸಕ್ಕೆ ಹಾಕಿದ್ದ ಸ್ಟಾರ್‌ಗಳು, ಯಾವುದಕ್ಕೆ ಉತ್ತರ ಹೋಗಿದೆ ಎಂಬ ಬಾಣದ ಗುರುತು, ಎಲ್ಲ ಹೋಗಿದ್ದವು. ಪಾಪ್3 ಅವನ್ನು ಒಯ್ಯಲೂ ಇಲ್ಲ, ತರಲೂ ಇಲ್ಲ. ಬಾಕಿ ಇದ್ದ 37 ಆರ್ಡರ್‌ಗಳನ್ನು ಆರ್ಡರ್ ಪುಸ್ತಕ ಇಟ್ಟುಕೊಂಡು ಕೈಯಿಂದ ಹೊಂದಿಸಬೇಕಾಯಿತು, ಕೌಂಟರ್‌ನ ಇಬ್ಬರಿಗೆ ಮಧ್ಯಾಹ್ನದವರೆಗೆ ಅದೇ ಕೆಲಸ.

ಮಾಡಬೇಕಾಗಿದ್ದ ಕ್ರಮ ಹೀಗೆ: ಶನಿವಾರವೇ, ಮೊದಲ ಯಂತ್ರ ಬದಲಿಸುವ ಮೊದಲು, ಪಾಸ್‌ವರ್ಡ್ ಬದಲಿಸಬೇಕಿತ್ತು. ಮರೆತ ಯಂತ್ರ ಎಲ್ಲೇ ಇರಲಿ, ಅದು ಬಾಗಿಲಲ್ಲೇ ನಿಲ್ಲುತ್ತದೆ. ಪ್ಯಾನೆಲ್‌ನಲ್ಲಿ ಆ ಬಾಕ್ಸಿನ ಪಾಪ್3 ಪ್ರವೇಶವನ್ನೇ ಮುಚ್ಚಲು ಬಂದರೆ ಇನ್ನೂ ಒಳ್ಳೆಯದು. ಇದರ ಜೊತೆಗೆ ದಾಸ್ತಾನು ಯಂತ್ರ 9ನೇ ದಿನಕ್ಕೆ ಇಟ್ಟುಕೊಂಡದ್ದೂ ತಪ್ಪು. ಅಸಲನ್ನು ಸರ್ವರ್‌ನಲ್ಲಿ ಇಡುತ್ತೇವೆ ಎಂದು ನಿರ್ಧರಿಸಿದ ದಿನವೇ ಅದರ ಪ್ರತಿ ಇನ್ನೊಂದು ಕಡೆ ಬೀಳಲು ಶುರುವಾಗಬೇಕು.

7ನೇ ದಿನ, ಬುಧವಾರ: ಪಾಸ್‌ವರ್ಡ್ ಬದಲು, ಊರಿಗೆಲ್ಲ ಬಾಗಿಲು ಬಂದ್

ಬೆಳಿಗ್ಗೆ 9:30ಕ್ಕೆ ‘ಆರ್ಡರ್’ ಪಾಸ್‌ವರ್ಡ್ ಬದಲಿಸಿದೆವು. 9:50ಕ್ಕೆ ಇಡೀ ಮುದ್ರಣಾಲಯದಲ್ಲಿ ಎಲ್ಲ ಬಾಕ್ಸ್‌ಗಳೂ ನಿಂತವು, ಹೋಸ್ಟಿಂಗ್ ಪ್ಯಾನೆಲ್ ಕೂಡ ತೆರೆಯಲಿಲ್ಲ. ಮೊಬೈಲ್ ಡೇಟಾದಿಂದ ಎಲ್ಲ ಸರಿ.

ಒಂದು ಫೋನಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿತ್ತು, ಡಿಟಿಪಿ 1ರಲ್ಲಿ ತೆಗೆಯದೆ ಬಿಟ್ಟ ಔಟ್‌ಲುಕ್ ಯಾರೋ ಅಭ್ಯಾಸಬಲದಿಂದ ತೆರೆದಿದ್ದರು. ಎರಡೂ ಬಿಡದೆ ಬಾಗಿಲು ಬಡಿದವು. ಸರ್ವರ್‌ನ ಕಾವಲು ತಂತ್ರಾಂಶ ಇದನ್ನು ಕಳ್ಳರ ಪ್ರಯತ್ನ ಎಂದು ತಿಳಿದು ಐಪಿಯನ್ನೇ ತಡೆಯಿತು. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಫೇಲ್‌2ಬ್ಯಾನ್‌ನಲ್ಲಿ ಮೊದಲಿಂದ ಇರುವ ಮಿತಿ 10 ನಿಮಿಷದಲ್ಲಿ 5 ತಪ್ಪು. ಇಲ್ಲಿ ತಡೆ ಒಂದು ಗಂಟೆಯದು. ಒಂದೇ ಐಪಿ ಹಿಂದೆ ಎಲ್ಲರೂ ಇರುವಾಗ ಒಬ್ಬರ ತಪ್ಪಿಗೆ ಎಲ್ಲರಿಗೂ ಬಾಗಿಲು ಬಂದ್.

ಸರಿಯಾದ ಕ್ರಮ: ಫೋನ್‌ಗಳನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಎಲ್ಲ ಮೇಲ್ ತಂತ್ರಾಂಶ ಮುಚ್ಚಿ, ಸರ್ವರ್‌ನಲ್ಲಿ ಪಾಸ್‌ವರ್ಡ್ ಬದಲಿಸಿ, ಒಂದೊಂದಾಗಿ ತೆರೆದು ಹೊಸದನ್ನು ಹೊಡೆಯುವುದು. ಥಂಡರ್‌ಬರ್ಡ್‌ನಲ್ಲಿ ಒಳಬರುವುದಕ್ಕೊಂದು, ಹೊರಹೋಗುವುದಕ್ಕೊಂದು ಎಂದು ಪಾಸ್‌ವರ್ಡ್ ಎರಡು ಕಡೆ ಇರುತ್ತದೆ. ಎರಡನ್ನೂ ಉಳಿಸಿದ ಪಟ್ಟಿಯಿಂದ ಅಳಿಸಿ.

ಅದೇ ಸಂಜೆ ಫೋಲ್ಡರ್ ಕೆಲಸ. ಕಳಿಸಿದ ಮೇಲ್ ಮೂರು ಬೇರೆ ಹೆಸರಿನ ಫೋಲ್ಡರ್‌ನಲ್ಲಿ ಬೀಳುತ್ತಿತ್ತು, ತಂತ್ರಾಂಶಕ್ಕೊಂದು ಹೆಸರು. ‘ಕಳಿಸಿದ್ದು ಇದು, ಕಸದ ಬುಟ್ಟಿ ಇದು’ ಎಂದು ಸರ್ವರ್ ಗುರುತಿಸಿ ಹೇಳುವ ಸ್ಪೆಷಲ್-ಯೂಸ್ ಏರ್ಪಾಡು 2011ರಿಂದ ಇದೆ, ಎಲ್ಲ ಆ್ಯಪ್‌ಗಳೂ ಅದನ್ನು ಕೇಳುವುದಿಲ್ಲ. ಥಂಡರ್‌ಬರ್ಡ್‌ನಲ್ಲಿ ‘ಕಾಪೀಸ್ ಅಂಡ್ ಫೋಲ್ಡರ್ಸ್’ನಲ್ಲಿ ಕೈಯಿಂದ ಆರಿಸಿದೆವು, ಫೋನ್‌ಗಳಲ್ಲೂ ಅದೇ ಫೋಲ್ಡರ್ ತೋರಿಸಿದೆವು.

ಗಿರಾಕಿಗಳ ಹೆಸರಿನ ಫೋಲ್ಡರ್‌ಗಳದ್ದು ನಮ್ಮ ಕಡೆಯದೇ ತೊಂದರೆ. ‘ಕೆ.ಎಸ್. ಲಗ್ನಪತ್ರಿಕೆ’ ಎಂದು ಫೋಲ್ಡರ್ ಮಾಡಿದರೆ ‘ಕೆ’ ಒಳಗೆ ‘ಎಸ್’, ಅದರೊಳಗೆ ‘ಲಗ್ನಪತ್ರಿಕೆ’ ಎಂದು ಮೂರು ಮಟ್ಟ ಹುಟ್ಟಿತು. ಈ ಸರ್ವರ್ ಮೇಲನ್ನು ಡಿಸ್ಕಿನಲ್ಲಿ ಇಡುವ ಮೇಲ್‌ಡಿರ್ ಜೋಡಣೆಯಲ್ಲಿ ಚುಕ್ಕೆಯೇ ಫೋಲ್ಡರ್ ಬೇರ್ಪಡಿಸುವ ಗುರುತು. ಇನಿಷಿಯಲ್ ಇಲ್ಲದ ಗಿರಾಕಿ ನಮ್ಮಲ್ಲಿ ಕಡಿಮೆ. ‘ಕೆ ಎಸ್’ ಎಂದು ಚುಕ್ಕೆ ಬಿಟ್ಟು ಬರೆಯುವುದೇ ಪರಿಹಾರ.

ಕನ್ನಡ ಹೆಸರಿಗೆ ಐಮ್ಯಾಪ್‌ನ ಹಳೆಯ ನಿಯಮದಲ್ಲಿ ಮಾರ್ಪಡಿಸಿದ ಯುಟಿಎಫ್-7 ಎಂಬ ವೇಷ ಹಾಕಬೇಕು. ತೆರೆಯ ಮೇಲೆ ಕನ್ನಡವೇ ಕಾಣುತ್ತದೆ, ಡಿಸ್ಕಿನ ಮೇಲೆ ಅಲ್ಲ. ‘ಜಾತ್ರೆ’ ಓದಲು ಎರಡು ಅಕ್ಷರ, ಯುನಿಕೋಡ್‌ನಲ್ಲಿ 6 ಸಂಕೇತ, ಡಿಸ್ಕಿನಲ್ಲಿ 18 ರೋಮನ್ ಅಕ್ಷರ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಈ ಜೋಡಣೆಯಲ್ಲಿ ಒಳಫೋಲ್ಡರ್‌ಗಳ ಹೆಸರೆಲ್ಲ ಸೇರಿ ಒಂದೇ ಹೆಸರಾಗುತ್ತದೆ. ಮೂರು ಮಟ್ಟದ ಉದ್ದ ಕನ್ನಡ ಹೆಸರು ಅಲ್ಲಿಗೆ ಮುಟ್ಟುತ್ತದೆ. ಎರಡು ಮಟ್ಟ, ಚಿಕ್ಕ ಹೆಸರು ಎಂದು ಗೆರೆ ಹಾಕಿದೆವು.

ಹುಡುಕುವವರಿಗೆ ಒಂದು ಮಾತು: ‘ನುಡಿ’ ತಂತ್ರಾಂಶದ ಹಳೆಯ ಫಾಂಟ್ ಸಂಕೇತದಲ್ಲಿ ಬಂದ ಮೇಲ್‌ಗಳು ಯುನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಪ್ರೋಟೋಕಾಲ್ ಯಾವುದೇ ಇರಲಿ. ಅವನ್ನು ಕಳಿಸಿದವರ ವಿಳಾಸದಿಂದಲೇ ಹುಡುಕಬೇಕು.

9ನೇ ದಿನ, ಶುಕ್ರವಾರ: ದಾಸ್ತಾನು ಯಂತ್ರ

ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್, 4 ಜಿಬಿ ರ್‍ಯಾಮ್, ಹೊಸ 2 ಟಿಬಿ ಡಿಸ್ಕ್, ಡೆಬಿಯನ್ ಲಿನಕ್ಸ್. ಅದರಲ್ಲಿ ಐಮ್ಯಾಪ್ ಮೇಲನ್ನು ನಕಲು ಮಾಡುವ ‘ಎಂಬಿಸಿಂಕ್’, ಗಂಟೆಗೊಮ್ಮೆ, ಹೊತ್ತಿಗೆ ಸರಿಯಾಗಿ ತಾನಾಗಿ ಓಡಿಸುವ ಕ್ರಾನ್‌ನಿಂದ. ಐಮ್ಯಾಪ್ ಎಂದರೆ ಬ್ಯಾಕಪ್ ಅಲ್ಲ ಎಂಬುದಕ್ಕೆ ಮಂಗಳವಾರವೇ ಸಾಕ್ಷಿ. ಹಾಗಾಗಿ ಇಲ್ಲಿ ಸೆಟ್ಟಿಂಗ್ ಏಕಮುಖ: ಸರ್ವರ್‌ನಿಂದ ಹೊಸದನ್ನು ಮಾತ್ರ ಎಳೆ, ಹೊಸ ಫೋಲ್ಡರ್ ಈ ಕಡೆ ಮಾತ್ರ ಹುಟ್ಟಿಸು, ಯಾವ ಕಡೆಯೂ ಏನನ್ನೂ ತೆಗೆಯಬೇಡ, ಎಕ್ಸ್‌ಪಂಜ್ (ಪೂರ್ತಿ ಅಳಿಸುವುದು) ಬೇಡವೇ ಬೇಡ. ಮೊದಲ ಸಲ ಎರಡೂ ಕಡೆ ಹೊಂದಿಸುವ ಸೆಟ್ಟಿಂಗ್ ಬಿಟ್ಟು ಪರೀಕ್ಷೆ ಮಾಡಿದಾಗ, ಸರ್ವರ್‌ನಲ್ಲಿ ಅಳಿಸಿದ ಪರೀಕ್ಷಾ ಮೇಲ್ ದಾಸ್ತಾನಿನಿಂದಲೂ ಹೋಯಿತು. ಅಂಥ ದಾಸ್ತಾನು ಇದ್ದೂ ಇಲ್ಲದಂತೆ. ಇದನ್ನು ಪ್ರತಿ ಹೊಸ ಜೋಡಣೆಯಲ್ಲೂ ಒಂದು ಮೇಲ್ ಅಳಿಸಿ ನೋಡಿಯೇ ನಂಬಬೇಕು.

ಖರ್ಚು: 2 ಟಿಬಿ ಡಿಸ್ಕ್ 5,800 ರೂ., 1 ಟಿಬಿ ಹೊರ ಡಿಸ್ಕ್ 4,600 ರೂ., ‘ಆರ್ಡರ್’ ಬಾಕ್ಸಿಗೆ 10ರಿಂದ 25 ಜಿಬಿಗೆ ಏರಿಸಲು ವರ್ಷಕ್ಕೆ 1,800 ರೂ., ಯುಪಿಎಸ್ ಬ್ಯಾಟರಿ 1,100 ರೂ. ಒಟ್ಟು 13,300 ರೂ. ಕೆಲಸ 26 ಗಂಟೆ, ಅದರಲ್ಲಿ 9 ಗಂಟೆ ಮೇಲಿನ ತಪ್ಪುಗಳನ್ನು ಸರಿ ಮಾಡಲು.

24ನೇ ದಿನ, ಶನಿವಾರ: ತಪಾಸಣೆ

‘ಆರ್ಡರ್’ ಬಾಕ್ಸ್ ಜಾಗ ನೋಡಿದರೆ ಅಂದುಕೊಂಡದ್ದಕ್ಕಿಂತ 1.3 ಜಿಬಿ ಹೆಚ್ಚು. ಐಮ್ಯಾಪ್‌ನಲ್ಲಿ ಅಳಿಸುವುದು ಎರಡು ಹೆಜ್ಜೆ: ಮೊದಲು ‘ಅಳಿಸಿದ್ದು’ ಎಂಬ ಗುರುತು, ಆಮೇಲೆ ಎಕ್ಸ್‌ಪಂಜ್. ಒಂದು ಫೋನ್ ಆ್ಯಪ್ ಗುರುತು ಹಾಕಿ ಬಿಟ್ಟುಬಿಡುತ್ತಿತ್ತು. ಥಂಡರ್‌ಬರ್ಡ್‌ನಲ್ಲಿ ಆ ಫೋಲ್ಡರ್‌ಗಳಿಗೆ ಕಾಂಪ್ಯಾಕ್ಟ್ ಕೊಟ್ಟಾಗ ಹೋದವು. ಬಾಕ್ಸ್ ತುಂಬಿದರೆ ಬರುವ ಆರ್ಡರ್ ಗಿರಾಕಿಗೇ ವಾಪಸ್ ಹೋಗುತ್ತದೆ, ಆದ್ದರಿಂದ ತಿಂಗಳ ಮೊದಲ ಸೋಮವಾರ ಇದನ್ನು ನೋಡುವುದು.

ಹೆಚ್ಚು ಕಳವಳದ್ದು ‘ಲೆಕ್ಕ’ದಲ್ಲಿ ಸಿಕ್ಕಿತು. 9ನೇ ದಿನ ಅಚ್ಚುಕಟ್ಟು ಮಾಡುವ ಹುಮ್ಮಸ್ಸಿನಲ್ಲಿ ಸರ್ವರ್‌ನಲ್ಲೇ ಒಂದು ಸೋಸುನಿಯಮ ಹಾಕಿದ್ದೆವು: ಜಿಎಸ್‌ಟಿ ಎಂಬ ಪದ ಇರುವ ಮೇಲ್ ‘ಜಿಎಸ್‌ಟಿ’ ಫೋಲ್ಡರ್‌ಗೆ ಹೋಗಲಿ ಎಂದು. ‘ಲೆಕ್ಕ’ ಇನ್ನೂ ಪಾಪ್3ರಲ್ಲಿದೆ, ಪಾಪ್3ಗೆ ಆ ಫೋಲ್ಡರ್ ಕಾಣದು. ಎರಡು ವಾರದ 19 ಮೇಲ್ ಯಾರೂ ನೋಡದೆ ಸರ್ವರ್‌ನಲ್ಲಿ ಬಿದ್ದಿದ್ದವು. ನಿಯಮ ತೆಗೆದು, 19ನ್ನೂ ವೆಬ್‌ಮೇಲ್‌ನಿಂದ ಇನ್‌ಬಾಕ್ಸಿಗೆ ಸರಿಸಿದೆವು. ಗಡುವು ದಾಟಿದ್ದು ಯಾವುದೂ ಇರಲಿಲ್ಲ. ಪಾಪ್3 ಉಳಿಸಿದ ಬಾಕ್ಸಿಗೆ ಸರ್ವರ್ ಕಡೆ ಸೋಸುನಿಯಮ ಹಾಕಲೇಬಾರದು. ಸೋಸುವುದಿದ್ದರೆ ಯಂತ್ರದಲ್ಲಿ, ಎಳೆದ ಮೇಲೆ. ಲೆಕ್ಕದ ಯಂತ್ರದಿಂದ ಕಳಿಸಿದ ಮೇಲ್ ಇರುವುದು ಅಲ್ಲೊಂದೇ ಆದ್ದರಿಂದ ಅದರ ಪ್ರೊಫೈಲ್ ಫೋಲ್ಡರ್ ಈಗ ಪ್ರತಿ ರಾತ್ರಿ ದಾಸ್ತಾನು ಯಂತ್ರಕ್ಕೆ ನಕಲಾಗುತ್ತದೆ.

ದಾಸ್ತಾನಿನಿಂದ ವಾಪಸ್ ತರುವ ಪರೀಕ್ಷೆ: ಒಂದು ಗಿರಾಕಿಯ ಫೋಲ್ಡರ್, 143 ಮೇಲ್, ಖಾಲಿ ಪರೀಕ್ಷಾ ಬಾಕ್ಸಿಗೆ ಏರಿಸಿ ಎಣಿಸಿದೆವು. 143 ಬಂದವು, ಫೋನಿನಲ್ಲಿ ತಾರೀಖು ಸರಿ ಇತ್ತು, ನಾಲ್ಕು ಪಿಡಿಎಫ್ ತೆರೆದು ನೋಡಿದೆವು.

ಬಾಕಿ ಉಳಿದದ್ದು ಎರಡು. ಮಷಿನ್ ರೂಮಿನ ವಿಂಡೋಸ್ 7 ಯಂತ್ರ ಬದಲಾಗಬೇಕು. ‘ಆರ್ಡರ್’ ಬಾಕ್ಸಿನ ಒಂದೇ ಪಾಸ್‌ವರ್ಡ್ ಇನ್ನೂ, ದಾಸ್ತಾನು ಯಂತ್ರವೂ ಸೇರಿ, 10 ಕಡೆ ಇದೆ. ಯಾರಾದರೂ ಕೆಲಸ ಬಿಟ್ಟರೆ 7ನೇ ದಿನದ ಕ್ರಮದಲ್ಲಿ 10 ಕಡೆಯೂ ಬದಲಿಸಬೇಕು. ಆ 10ರ ಪಟ್ಟಿ, ಲ್ಯಾಪ್‌ಟಾಪಿನದೂ ಸೇರಿ ತೆಗೆದ ಖಾತೆಗಳ ಪಟ್ಟಿ, ಎರಡನ್ನೂ ಕೌಂಟರ್ 1ರ ಡ್ರಾಯರಿನ ಒಳಮೈಗೆ ಅಂಟಿಸಿದೆ.